ಮಳೆ ಕಡಿಮೆಯಾಗಿಲ್ಲ, ಆದರೂ ಅಬ್ಬಿ ಶಿವರಾತ್ರಿಗೇ ಬತ್ತುತ್ತಿದೆ: ಕಾನು ಹೋದಲ್ಲಿ ನೆಲಕ್ಕೆ ಆದದ್ದೇನು?

ಅಬ್ಬಿನೀರು (ಎಳೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆ ಸಿದ್ದಾಪುರ ತಾಲ್ಲೂಕಿನ ಒಂದು ಕಣಿವೆಯಲ್ಲಿದೆ. ಕೆಳಗೆ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಬೆಟ್ಟದ ಆಚೆ ಸರ್ಕಾರಿ ಕಾಡು. ಮನೆ ಬಳಕೆಗೂ ತೋಟಕ್ಕೂ ನೀರು ಇಳಿದು ಬರುವುದು ಮೇಲಿನ ಒರತೆಗಳಿಂದ. ನಾನು ಚಿಕ್ಕವನಿದ್ದಾಗ ಅಡಿಕೆ ಮರದ ದಂಬೆಗಳನ್ನು ಒಂದರ ತುದಿಗೊಂದು ಜೋಡಿಸಿ ಅಬ್ಬಿ ನೀರನ್ನು, ಅಂದರೆ ಗುಡ್ಡದಿಂದ ಇಳಿಯುವ ಈ ಒರತೆಯ ನೀರನ್ನು, ಬಚ್ಚಲ ಹಂಡೆಯವರೆಗೆ ತರುತ್ತಿದ್ದರು. ಈಗ ದಂಬೆಯ ಜಾಗಕ್ಕೆ ಕಪ್ಪು ಪೈಪು ಬಂದಿದೆ. ತಂದೆಯವರ ಕಾಲದಲ್ಲಿ ಈ ನೀರು ಬೇಸಿಗೆಯಲ್ಲಿ ಸಣ್ಣದಾಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ; ನಿಂತರೂ ಅದು ಅಕ್ಷಯ ತದಿಗೆಯ ಆಚೀಚಿನ ಮಾತು. ಈಚಿನ ನಾಲ್ಕೈದು ವರ್ಷಗಳಿಂದ ಶಿವರಾತ್ರಿ ಬರುವಷ್ಟರಲ್ಲಿ ಪೈಪಿನ ಬಾಯಲ್ಲಿ ನೀರಿನ ಬದಲು ಗಾಳಿ ಬುಸುಗುಡುತ್ತದೆ.

ಮಳೆ ಕಡಿಮೆಯಾಗಿದೆಯೆಂದು ಹೇಳಿ ಮುಗಿಸಬಹುದಿತ್ತು. ಆದರೆ ಅಂಗಳದಲ್ಲಿ ಮಳೆಮಾಪಕವಿಟ್ಟು ಪ್ರತಿ ಬೆಳಿಗ್ಗೆ ಅಳತೆ ಬರೆದಿಡುವ ರೂಢಿ ನಮ್ಮ ಮನೆಯಲ್ಲಿ ತಂದೆಯವರಿಂದ ಬಂದಿದೆ, ಮತ್ತು ಆ ಪುಸ್ತಕಗಳನ್ನು ತಿರುವಿ ನೋಡಿದರೆ ವರ್ಷದ ಒಟ್ಟು ಮಳೆ ಏರಿದ್ದೂ ಇದೆ, ಇಳಿದದ್ದೂ ಇದೆ, ಒಂದೇ ಸಮನೆ ಕಡಿಮೆಯಾಗುತ್ತ ಬಂದಿದೆಯೆಂದು ಹೇಳಲು ಮಾತ್ರ ಬರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ನಮ್ಮ ಕಣಿವೆಗೆ ಎರಡು ಹಳ್ಳಗಳು ಇಳಿಯುತ್ತವೆ. ಬಲಗಡೆಯದು ಇನ್ನೂ ಉಳಿದಿರುವ ಕಾನಿನಿಂದ, ಅಂದರೆ ದಟ್ಟ ನಿತ್ಯಹರಿದ್ವರ್ಣ ಕಾಡಿನಿಂದ, ಬರುತ್ತದೆ. ಎಡಗಡೆಯದು ಬರುವ ಗುಡ್ಡದಲ್ಲಿ ಸುಮಾರು ಮೂವತ್ತೈದು ವರ್ಷಗಳ ಹಿಂದೆ ಇದ್ದಬದ್ದ ಕಾಡುಮರಗಳನ್ನು ಕಡಿದು ಅಕೇಸಿಯಾ ನೆಟ್ಟರು, ಅದನ್ನು ಎರಡು ಸಲ ಕಟಾವು ಮಾಡಿ ಮತ್ತೆ ಅದೇ ಬೆಳೆಯಿತು. ಪುನರ್ವಸು, ಪುಷ್ಯ ಮಳೆಗಳಲ್ಲಿ ಎರಡೂ ಹಳ್ಳ ಸೇರುವ ಜಾಗದಲ್ಲಿ ನಿಂತರೆ ಒಂದು ಕಡೆ ಹಾಲು ಹಾಕದ ಚಹಾದಂತಹ ತಿಳಿಗಂದು ನೀರು, ಇನ್ನೊಂದು ಕಡೆ ಕುಂಕುಮ ಕದಡಿದಂತಹ ಕೆನ್ನೀರು. ಬೇಸಿಗೆಯಲ್ಲಿ ಬಲಗಡೆಯದು ಹರಿಯುತ್ತಿರುತ್ತದೆ, ಎಡಗಡೆಯದರಲ್ಲಿ ಕಲ್ಲು ಕಾಣುತ್ತದೆ. ಎರಡೂ ಗುಡ್ಡಗಳು ದೂರದಿಂದ ನೋಡಿದರೆ ಹಸಿರಾಗಿಯೇ ಇವೆ. ಹಾಗಿದ್ದರೆ ವ್ಯತ್ಯಾಸ ಎಲ್ಲಿದೆ?

ಮುಚ್ಚಿಡದೆ ಹೇಳಬೇಕಾದ ಇನ್ನೊಂದು ಮಾತು: ಆರು ವರ್ಷದ ಹಿಂದೆ ಅಡಿಕೆಗೆ ಒಳ್ಳೆಯ ಧಾರಣೆ ಇದ್ದಾಗ ನಾನೇ ನಮ್ಮ ಬೆಟ್ಟದ ಒಂದು ಎಕರೆಗೆ ಜೆಸಿಬಿ ಹತ್ತಿಸಿ, ಮೆಟ್ಟಿಲು ಹೊಡೆಸಿ, ಸಸಿ ಇಡಿಸಿದ್ದೇನೆ. ಆದ್ದರಿಂದ ಇಲಾಖೆಯನ್ನು ಬೈಯುವುದಕ್ಕೆಂದು ಈ ಎಳೆ ಆರಂಭಿಸಿಲ್ಲ. ತಿಳಿದವರು ತಿಳಿಸಬೇಕು.

ಮಳೆಲೆಕ್ಕ

ಅಬ್ಬಿನೀರು ಅವರೇ, ತಾವು ಎರಡು ಹಳ್ಳಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದು ಬಹಳ ಒಳ್ಳೆಯದಾಯಿತು. ಜಲವಿಜ್ಞಾನದಲ್ಲಿಯೂ ಮಾಡುವುದು ಇದನ್ನೇ. ಒಂದೇ ಮಳೆ ಬೀಳುವ, ಒಂದೇ ಬಗೆಯ ಕಲ್ಲು-ಮಣ್ಣಿರುವ ಎರಡು ಸಣ್ಣ ಜಲಾನಯನಗಳನ್ನು ಹಿಡಿದು, ಮೇಲಿನ ಹೊದಿಕೆ ಬೇರೆಯಾದಾಗ ಹರಿವು ಹೇಗೆ ಬೇರೆಯಾಗುತ್ತದೆಂದು ಅಳೆಯುತ್ತಾರೆ.

ನಿಮ್ಮ ತಾಲ್ಲೂಕಿನಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆಯಾಗುತ್ತದೆಂದು ಇಟ್ಟುಕೊಳ್ಳೋಣ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಹಳ್ಳದಲ್ಲಿ ಹರಿಯುವುದು ಆಕಾಶದ ನೀರಲ್ಲ, ನೆಲದೊಳಗೆ ಸೇರಿ ತಡೆದು ತಡೆದು ಹೊರಬರುವ ನೀರು. ಹೀಗಾಗಿ ಬೇಸಿಗೆಯ ಅಬ್ಬಿಗೆ ಬೇಕಾದದ್ದು ಎಷ್ಟು ಮಳೆ ಬಿತ್ತು ಎನ್ನುವ ಲೆಕ್ಕಕ್ಕಿಂತ ಎಷ್ಟು ಮಳೆ ಒಳಗಿಳಿಯಿತು ಎನ್ನುವ ಲೆಕ್ಕ. ಒಂದು ಎಕರೆಯಲ್ಲಿ 100 ಮಿಲಿಮೀಟರ್ ನೀರು ಇಂಗದೆ ಹರಿದುಹೋದರೆ ನಾಲ್ಕು ಲಕ್ಷ ಲೀಟರ್ ಹೋದಂತಾಯಿತು. ಒಂದು ಗುಡ್ಡಕ್ಕೆ ಅದನ್ನು ಗುಣಿಸಿ ನೋಡಿ.

ಕಾನಿನೊಳಗೆ ಕಾಲಿಟ್ಟರೆ ನೆಲ ಹಾಸಿಗೆಯಂತೆ ಕುಸಿಯುತ್ತದಲ್ಲ, ಕಾರಣ ಅಲ್ಲಿದೆ. ಮೇಲೆ ಮೂರು ನಾಲ್ಕು ಅಂತಸ್ತಿನ ಎಲೆ ಚಪ್ಪರ ಹನಿಯ ಹೊಡೆತವನ್ನು ಮುರಿಯುತ್ತದೆ, ಕೆಳಗೆ ದರಕಿನ (ಉದುರಿದ ಒಣ ಎಲೆಗಳ) ಹೊದಿಕೆ ಅದನ್ನು ಹಿಡಿಯುತ್ತದೆ, ಅದರಡಿಯ ಮಣ್ಣಿನಲ್ಲಿ ಸತ್ತ ಬೇರುಗಳು ಕೊಳೆತು ಬಿಟ್ಟ ಕೊಳವೆಗಳು, ಎರೆಹುಳು, ಗೆದ್ದಲು, ಏಡಿಗಳು ಕೊರೆದ ದಾರಿಗಳು ಇರುತ್ತವೆ. ಎಂತಹ ಜಡಿಮಳೆಯನ್ನೂ ಆ ನೆಲ ಬಹುಮಟ್ಟಿಗೆ ನುಂಗಿಕೊಳ್ಳಬಲ್ಲದು. ಅದೇ ನೆಲ ಬರಿದಾಗಿ, ದನಗಳ ಕಾಲ್ತುಳಿತಕ್ಕೋ ಯಂತ್ರದ ಚೈನಿಗೋ ಸಿಕ್ಕಿ ಗಟ್ಟಿಯಾದರೆ, ನೀರು ಇಳಿಯುವ ವೇಗ ಮಳೆ ಬೀಳುವ ವೇಗಕ್ಕಿಂತ ಕಡಿಮೆಯಾಗುತ್ತದೆ. ಉಳಿದದ್ದು ಮಣ್ಣನ್ನೂ ಎತ್ತಿಕೊಂಡು ಮೇಲೆಯೇ ಓಡುತ್ತದೆ. ತಾವು ಕಂಡ ಕೆನ್ನೀರು ಅದೇ. ಉತ್ತರ ಕನ್ನಡದಲ್ಲಿಯೇ ಸಹಜ ಕಾಡು, ಸವೆದ ಕಾಡು, ಅಕೇಸಿಯಾ ನೆಡುತೋಪು ಎಂದು ಮೂರು ಬಗೆಯ ನೆಲಗಳಲ್ಲಿ ಇದನ್ನು ಅಳೆದ ಸಂಶೋಧನೆ ನಡೆದಿದೆ. ಸಹಜ ಕಾಡಿನ ನೆಲ ನೀರನ್ನು ಒಳಗೆ ಬಿಟ್ಟುಕೊಳ್ಳುವಷ್ಟು ಉಳಿದೆರಡು ಬಿಟ್ಟುಕೊಳ್ಳುವುದಿಲ್ಲ. ಸವೆದ ನೆಲದ ಮೇಲೆ ಅಕೇಸಿಯಾ ಬೆಳೆದು ವರ್ಷಗಳೇ ಕಳೆದರೂ ಹಳೆಯ ಗುಣ ಪೂರ್ತಿ ಮರಳುವುದಿಲ್ಲ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಮರ ನೀರನ್ನು ಇಂಗಿಸುವುದಷ್ಟೇ ಅಲ್ಲ, ಕುಡಿಯುತ್ತದೆ ಕೂಡ. ಇಂಗಿದ್ದರಲ್ಲಿ ಕುಡಿದದ್ದನ್ನು ಕಳೆದರೆ ಉಳಿದದ್ದು ಹಳ್ಳಕ್ಕೆ. ಬೇಸಿಗೆಯಲ್ಲಿಯೂ ಎಲೆ ಉದುರಿಸದೆ ಭರದಿಂದ ಬೆಳೆಯುವ ಮರಗಳನ್ನು ಗಟ್ಟಿಯಾದ ನೆಲದ ಮೇಲೆ ಒತ್ತೊತ್ತಾಗಿ ನೆಟ್ಟರೆ ಇಂಗುವುದು ಸ್ವಲ್ಪ, ಕುಡಿಯುವುದು ಬಹಳ ಎಂಬ ಸ್ಥಿತಿ ಬರಬಹುದು. ಕುದುರೆಮುಖದಂತಹ ಕಡೆ ಸಹಜವಾಗಿಯೇ ಹುಲ್ಲುಗಾವಲಾಗಿರುವ ನೆತ್ತಿಗಳಲ್ಲಿ ಕಾಡು ಬೆಳೆಸುತ್ತೇವೆಂದು ಹೊರಟರೆ ಹಳ್ಳಕ್ಕೆ ನಷ್ಟವೇ. ಗಿಡ ನೆಟ್ಟಲ್ಲೆಲ್ಲ ನೀರು ಉಕ್ಕುತ್ತದೆಂಬ ಭಾಷಣವನ್ನು ನಾನು ನಂಬುವುದಿಲ್ಲ.

ಗುಡ್ಡದಮನೆ

ಮೇಲಿನವರು ಹೇಳಿದ್ದೆಲ್ಲ ಸರಿಯಿರಬಹುದು. ಆದರೆ ಮಳೆಯ ಒಟ್ಟು ಮೊತ್ತ ಹಾಗೆಯೇ ಇದ್ದರೂ ಬರುವ ರೀತಿ ಬದಲಾಗಿದೆ. ಮೊದಲು ಆರಿದ್ರಾ ಮಳೆ ಹಿಡಿದರೆ ವಾರಗಟ್ಟಲೆ ಜಿಟಿಜಿಟಿ ಎನ್ನುತ್ತಿತ್ತು. ಈಗ ಹದಿನೈದು ದಿನ ಬಿಸಿಲು, ಆಮೇಲೆ ಮೂರು ದಿನ ಆಕಾಶ ಹರಿದು ಬಿದ್ದಂತೆ. ಜೊತೆಗೆ ಕಣಿವೆಯ ತುಂಬ ಕೊಳವೆಬಾವಿಗಳಾಗಿವೆ. ಎಲ್ಲವನ್ನೂ ಅಕೇಸಿಯಾದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಸೊಪ್ಪಿನಬೆಟ್ಟ

ಗುಡ್ಡದಮನೆಯವರ ಮಾತಿನಲ್ಲಿ ಹುರುಳಿದೆ. ಆದರೆ ಮಳೆ ರಭಸದಿಂದ ಬರುವ ಕಾಲಕ್ಕೇ ಅದನ್ನು ತಡೆದು ಹಿಡಿಯುವ ನೆಲ ಹೆಚ್ಚು ಬೇಕಲ್ಲವೇ? ನಾವು ಸರಿಯಾಗಿ ಆ ಹೊತ್ತಿಗೇ ಅದನ್ನು ಕಳೆದುಕೊಂಡಿದ್ದೇವೆ.

ನನಗೆ ಇಲ್ಲಿ ಹೇಳಬೇಕೆನಿಸುವುದು ಬೆಟ್ಟದ ಕಥೆ. ಹೊರಗಿನ ಓದುಗರಿಗಾಗಿ ಒಂದು ವಿವರಣೆ: ಮಲೆನಾಡಿನಲ್ಲಿ ‘ಬೆಟ್ಟ’ ಎಂದರೆ ಬರಿಯ ಗುಡ್ಡವಲ್ಲ, ಅಡಿಕೆ ತೋಟಕ್ಕೆ ಸೊಪ್ಪು, ದರಕು, ಹುಲ್ಲು ತರಲು ಹಕ್ಕಿರುವ ಕಾಡಿನ ತುಂಡು. ನಮ್ಮ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟಿದ್ದರು. ಭೂಮಿ ಸರ್ಕಾರದ್ದು, ಬಳಕೆ ತೋಟದವರದ್ದು. ಒಂದಕ್ಕೆ ಒಂಬತ್ತು ಎನ್ನುವ ಆ ಲೆಕ್ಕವನ್ನು ಗೊಬ್ಬರದ ಲೆಕ್ಕವೆಂದೇ ಎಲ್ಲರೂ ತಿಳಿದಿದ್ದಾರೆ. ನನಗೆ ಅದು ನೀರಿನ ಲೆಕ್ಕವಾಗಿಯೂ ಕಾಣುತ್ತದೆ. ಒಂದು ಎಕರೆ ತೋಟ ಬೇಸಿಗೆ ಕಳೆಯಬೇಕಾದರೆ ಅದರ ಮೇಲೆ ಒಂಬತ್ತು ಎಕರೆ ಮರವಿರುವ ನೆಲ ಬೇಕಿತ್ತು. ಈಗ ಆ ಒಂಬತ್ತರಲ್ಲಿ ಮೂರನ್ನು ತೋಟ ಮಾಡಿ, ಎರಡರಲ್ಲಿ ಮಣ್ಣು ತೆಗೆದು, ಉಳಿದದ್ದರ ದರಕನ್ನೆಲ್ಲ ಗುಡಿಸಿ ತಂದರೆ, ಆ ತೋಟಗಳೆಲ್ಲ ಯಾವ ನೀರನ್ನು ನಂಬಿಕೊಂಡಿರಬೇಕು?

ಬೆಟ್ಟ ಹಾಳಾಗುವುದಕ್ಕೆ ಕೊಡಲಿಯೇ ಬೇಕಿಲ್ಲ. ಪ್ರತಿ ವರ್ಷ ಮತ್ತಿ, ಕೌಲು, ನಂದಿ ಮರಗಳ ಸೊಪ್ಪನ್ನು ತಲೆಯವರೆಗೂ ಸವರಿದರೆ ಮರ ಗೂಟವಾಗುತ್ತದೆ, ಕೆಳಗೆ ಬಿಸಿಲು ಬೀಳುತ್ತದೆ, ಹೊಸ ಸಸಿ ಏಳುವುದಿಲ್ಲ, ದರಕು ಉಳಿಯದೆ ಮಣ್ಣು ಗಟ್ಟಿಯಾಗುತ್ತದೆ. ಮೊದಲು ಕಾನು, ಆಮೇಲೆ ಬೆಟ್ಟ, ಆಮೇಲೆ ಹಕ್ಕಲು (ಕುರುಚಲು), ಕೊನೆಗೆ ಬೇಣ (ಹುಲ್ಲುಬಯಲು). ನಮ್ಮ ಹಿರಿಯರು ಬಳಸುತ್ತಿದ್ದ ಈ ನಾಲ್ಕು ಹೆಸರುಗಳು ನಾಲ್ಕು ಬೇರೆ ಬೇರೆ ಜಾಗಗಳಲ್ಲ; ಅನೇಕ ಕಡೆ ಒಂದೇ ಜಾಗ ಇಳಿದು ಬಂದ ಮೆಟ್ಟಿಲುಗಳು.

ಕಾನುಗಳ ವಿಷಯದಲ್ಲಿ ಪಕ್ಕದ ಸೊರಬದ ಉದಾಹರಣೆಯನ್ನು ಕೊಡಬೇಕು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳನ್ನು ದಾಖಲಿಸಿದರು. ಅವು ಮನುಷ್ಯರು ಕಾಲಿಡದ ಕಾಡುಗಳೇನೂ ಆಗಿರಲಿಲ್ಲ. ಜನ ಅಲ್ಲಿ ಕಾಳುಮೆಣಸು ಕೊಯ್ಯುತ್ತಿದ್ದರು, ಬೈನೆ ಮರದಿಂದ ಕಳ್ಳು ಇಳಿಸುತ್ತಿದ್ದರು, ದೇವರನ್ನೂ ಪೂಜಿಸುತ್ತಿದ್ದರು. ಕೆಳಗಿನ ಗದ್ದೆಗಳಿಗೆ ನೀರು ಅಲ್ಲಿಂದಲೇ ಬರುತ್ತಿತ್ತು. ಬಳಸುತ್ತಲೇ ಉಳಿಸಿದ್ದ ಅಂತಹ ನಿತ್ಯಹರಿದ್ವರ್ಣದ ತುಂಡುಗಳನ್ನು ಮುಂದಿನ ಕಾಲದವರು ಕಂದಾಯದ ಪಹಣಿ ಮತ್ತು ಅರಣ್ಯದ ನಕ್ಷೆಗಳ ನಡುವೆ ಎಲ್ಲಿಯೂ ಸಲ್ಲದ ಹಾಗೆ ಬಿಟ್ಟು, ಕೊನೆಗೆ ಯಾರು ಬೇಕಾದರೂ ಕಡಿಯಬಹುದಾದ ಜಾಗವನ್ನಾಗಿ ಮಾಡಿದರು.

ಶಿರಸಿಯ ಸಾಲ್ಕಣಿಯ ಜನ 1983ರ ಸೆಪ್ಟೆಂಬರಿನಲ್ಲಿ ಮರಗಳನ್ನು ಅಪ್ಪಿ ನಿಂತದ್ದೂ ಇದೇ ಕಾರಣಕ್ಕೆ. ಸಹಜ ಕಾಡನ್ನು ತೆಗೆದು ಸಾಗುವಾನಿ ಬೆಳೆಸಿದಲ್ಲಿ ಹಳ್ಳ ಬತ್ತಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಈ ಅಪ್ಪಿಕೋ ಚಳವಳಿ ಎಂದರೆ ಮರದ ಮೇಲಿನ ಮಮಕಾರವೆಂದು ಹೊರಗಿನವರು ಬರೆಯುತ್ತಾರೆ. ನೀರಿನ ಮೇಲಿನ ಆತಂಕ ಅದರಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು ಎನ್ನುವುದು ನನ್ನ ಅನಿಸಿಕೆ.

ಸೀಮೆಕಲ್ಲು

ನಾನು ಅರಣ್ಯ ಇಲಾಖೆಯಲ್ಲಿ ಕೆಳಹಂತದಿಂದ ಸೇರಿ ನಿವೃತ್ತನಾದವನು. ಅಕೇಸಿಯಾ ಗುಂಡಿಗಳನ್ನು ನಾನೇ ನಿಂತು ತೋಡಿಸಿದ್ದೇನೆ. ಆದ್ದರಿಂದ ಅದರ ಪರವಾಗಿ ಎರಡು ಮಾತು, ವಿರುದ್ಧವಾಗಿ ಒಂದು ಮಾತು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ.

ಎಂಬತ್ತರ ದಶಕದಲ್ಲಿ ಕರಾವಳಿಯ ಮತ್ತು ಘಟ್ಟದ ಅಂಚಿನ ಎಷ್ಟೋ ಗುಡ್ಡಗಳು ಹುಲ್ಲೂ ಬೆಳೆಯದ ಜಂಬಿಟ್ಟಿಗೆಯ ಬೋಳುಗಳಾಗಿದ್ದವು. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಈ ಮರ ಅಂತಹ ನೆಲದಲ್ಲಿಯೂ ಬದುಕುತ್ತಿತ್ತು, ದನ ಬಾಯಿ ಹಾಕುತ್ತಿರಲಿಲ್ಲ, ಬೇರಿನ ಗಂಟುಗಳಿಂದ ಸಾರಜನಕ ಸೇರಿಸುತ್ತಿತ್ತು, ಏಳೆಂಟು ವರ್ಷದಲ್ಲಿ ಸೌದೆಯಾಗುತ್ತಿತ್ತು. ಅದಿಲ್ಲದಿದ್ದರೆ ಊರವರ ಒಲೆಗೆ ಸಹಜ ಕಾಡೇ ಇನ್ನಷ್ಟು ಹೋಗುತ್ತಿತ್ತು. ಇದು ಸುಳ್ಳಲ್ಲ.

ವಿರುದ್ಧದ ಮಾತು ಇದು. ನಾವು ಅದನ್ನು ಬೋಳುಗುಡ್ಡದಲ್ಲಿ ಮಾತ್ರ ನೆಟ್ಟಿದ್ದರೆ ಈ ಚರ್ಚೆ ಬೇಕಾಗುತ್ತಿರಲಿಲ್ಲ. ಗುರಿ ತಲುಪಬೇಕಿತ್ತು, ಬೋಳು ಜಾಗ ಸಾಲದೆ ಬಂದಾಗ ‘ಕ್ಷೀಣಿಸಿದ ಕಾಡು’ ಎಂದು ಬರೆದು ಚೆನ್ನಾಗಿಯೇ ಚಿಗುರಬಹುದಾಗಿದ್ದ ಕಾಡನ್ನೂ ಸವರಿದೆವು. ಮಲೆನಾಡಿನಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗೆಂದು 1980ರಲ್ಲಿ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷದ ಗೇಣಿಗೆ ಕೊಟ್ಟದ್ದು ಎಲ್ಲರಿಗೂ ಗೊತ್ತಿದೆ. ಆ ಗೇಣಿ 2020ರಲ್ಲಿ ಮುಗಿದಾಗ ಆ ಭೂಮಿಯನ್ನು ಸಹಜ ಕಾಡಾಗಲು ಬಿಡಬೇಕೆಂದು ಮಲೆನಾಡಿನಲ್ಲಿ ಚಳವಳಿಯೇ ನಡೆಯಿತು.

ಅಬ್ಬಿನೀರು ಅವರು ಎರಡೂ ಗುಡ್ಡ ಹಸಿರಾಗಿಯೇ ಇವೆ ಎಂದಿದ್ದಾರೆ. ಕಾಗದದ ಮೇಲೂ ಹಾಗೆಯೇ ಇವೆ. ಭಾರತೀಯ ಅರಣ್ಯ ಸಮೀಕ್ಷೆಯ ವ್ಯಾಖ್ಯೆಯಲ್ಲಿ ಒಂದು ಹೆಕ್ಟೇರಿಗಿಂತ ಕಡಿಮೆಯಿಲ್ಲದ, ನೆತ್ತಿಯ ಹೊದಿಕೆ ಶೇ 10 ದಾಟಿದ ಜಾಗವೆಲ್ಲ ‘ಅರಣ್ಯ ಹೊದಿಕೆ’. ಮಾಲೀಕರು ಯಾರು, ಮರ ಯಾವುದು ಎಂಬ ಪ್ರಶ್ನೆ ಅಲ್ಲಿಲ್ಲ. ಹಾಗಾಗಿ ಕಾನು ಹೋಗಿ ಅಕೇಸಿಯಾ ಬಂದರೂ ಲೆಕ್ಕ ತಪ್ಪುವುದಿಲ್ಲ. ಕಾಡಿನ ಬಗೆಗಳನ್ನು ಬೇರ್ಪಡಿಸಿ ನೋಡಿದವರಿಗೆ ಕಂಡದ್ದು ಬೇರೆ ಚಿತ್ರ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉಪಗ್ರಹ ಚಿತ್ರಗಳಿಂದ ಮಾಡಿದ ಲೆಕ್ಕದಂತೆ ಉತ್ತರ ಕನ್ನಡದಲ್ಲಿ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣ ಕಾಡು 1973ರಲ್ಲಿ ಜಿಲ್ಲೆಯ ಸುಮಾರು ಶೇ 67 ಭಾಗದಲ್ಲಿತ್ತು, 2013ರ ವೇಳೆಗೆ ಸುಮಾರು ಶೇ 32ಕ್ಕೆ ಇಳಿದಿತ್ತು. ಜೋಗದ ದಾರಿಯಲ್ಲಿ ಕಾರಿನ ಕಿಟಕಿಯಿಂದ ನೋಡುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಹಸಿರುಗಣ್ಣು

ಇದಕ್ಕೆಲ್ಲ ಪರಿಹಾರ ಪಶ್ಚಿಮಘಟ್ಟದ ರಕ್ಷಣೆಯ ಕುರಿತ ಗಾಡ್ಗೀಳ್ ವರದಿಯಲ್ಲಿತ್ತು. ಅದನ್ನು 2011ರಲ್ಲಿಯೇ ಒಪ್ಪಿಕೊಂಡಿದ್ದರೆ…

ನಿರ್ವಾಹಕರು

ಗಾಡ್ಗೀಳ್ ಮತ್ತು ಕಸ್ತೂರಿರಂಗನ್ ವರದಿಗಳ ಪರ-ವಿರೋಧಕ್ಕೆ ಪ್ರತ್ಯೇಕ ಎಳೆ ಇದೆ, ಅದರಲ್ಲಿ ಈಗಾಗಲೇ ನಾಲ್ಕು ನೂರಕ್ಕೂ ಹೆಚ್ಚು ಬರಹಗಳಿವೆ. ದಯವಿಟ್ಟು ಇಲ್ಲಿ ನೆಲ, ನೀರು, ಕಾಡಿನ ವಿಷಯಕ್ಕೇ ಸೀಮಿತವಾಗಿರಬೇಕು.

ಬಾಣೆಮನೆ

ಕೊಡಗಿನಿಂದ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅಕೇಸಿಯಾ, ನಮ್ಮಲ್ಲಿ ಸಿಲ್ವರ್ ಓಕ್. ಅಜ್ಜನ ಕಾಲದ ಕಾಫಿ ತೋಟವೆಂದರೆ ಕಾಡಿನ ಕೆಳಗಿನ ಅಂತಸ್ತನ್ನಷ್ಟೇ ತೆಗೆದು ಕಾಫಿ ಇಟ್ಟ ಜಾಗ. ಅತ್ತಿ, ಬಸರಿ, ಹಲಸು, ನಂದಿ, ಬೀಟೆ ಮರಗಳು ಮೇಲೆ, ಹಾಲುವಾಣ ಅದಕ್ಕಿಂತ ಕೆಳಗೆ, ಅದರಡಿ ಕಾಫಿ. ಈ ಕಾಡುಮರಗಳನ್ನು ಕಡಿಯಲು ಅನುಮತಿಗಾಗಿ ಅಲೆಯಬೇಕು, ಸಿಲ್ವರ್ ಓಕ್‌ಗೆ ಆ ತೊಂದರೆಯಿಲ್ಲ. ಅದು ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಬೇಕಾದಾಗ ಮಾರಬಹುದು. ಕಾಡುಮರವನ್ನು ಕಾಪಾಡಲೆಂದು ಮಾಡಿದ ನಿಯಮವೇ ಬೆಳೆಗಾರ ಕಾಡುಮರದ ಸಸಿಯನ್ನು ಚಿಕ್ಕದಿರುವಾಗಲೇ ಕಿತ್ತೆಸೆಯುವಂತೆ ಮಾಡಿತು. ನಮ್ಮ ತೋಟದಲ್ಲಿಯೂ ಹಾಗೆಯೇ ಆಗಿದೆ, ಬೇರೆಯವರ ಮಾತೇಕೆ.

2018ರ ಆಗಸ್ಟ್ ನೆನಪಿಸಿಕೊಳ್ಳುತ್ತೇನೆ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಕಾಲೂರು ಕಡೆ ಗುಡ್ಡಗಳು ಜಾರಿದ ದಿನಗಳು. ನಮ್ಮ ಮನೆಯ ಹಿಂದಿನ ಧರೆಯ (ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆಯ) ಬುಡದಲ್ಲಿ ಎಂದೂ ಇಲ್ಲದ ಜಾಗದಲ್ಲಿ ಬೆರಳು ಗಾತ್ರದ ನೀರು ಚಿಮ್ಮಲು ಶುರುವಾಯಿತು. ಮೊದಲ ದಿನ ತಿಳಿಯಾಗಿತ್ತು. ಎರಡನೆಯ ದಿನ ಹಾಲು ಕಲಸಿದಂತೆ ಬೆಳ್ಳಗಾಯಿತು. ನಮ್ಮ ಪಕ್ಕದ ಮನೆಯ ಹಿರಿಯರು ಅದನ್ನು ನೋಡಿದವರೇ ಇನ್ನು ಇಲ್ಲಿ ಇರಬಾರದೆಂದು ಎಲ್ಲರನ್ನೂ ಹೊರಡಿಸಿದರು. ಮೇಲಿನ ಕೆಂಪು ಮಣ್ಣಿನ ಕೆಳಗಿನ ಬಿಳಿಯ ಶೇಡಿ ಮಣ್ಣು ಕರಗಿ ಬರುತ್ತಿದೆಯೆಂದರೆ ಗುಡ್ಡದ ಹೊಟ್ಟೆ ಟೊಳ್ಳಾಗುತ್ತಿದೆ ಎಂದರ್ಥವೆಂದು ಆಮೇಲೆ ತಿಳಿಯಿತು. ಆ ರಾತ್ರಿ ಧರೆ ನಮ್ಮ ಹಟ್ಟಿಯ ಮೇಲೆ ಬಿತ್ತು.

ಅಂತಹ ಮಳೆಗೆ ದಟ್ಟ ಕಾಡಿದ್ದ ಇಳಿಜಾರೂ ಕೆಲವೆಡೆ ಜಾರಿದೆ, ಅದನ್ನು ಒಪ್ಪಬೇಕು. ಆದರೆ ಜಾರಿದ ಜಾಗಗಳನ್ನು ಪರಿಶೀಲಿಸಿದ ಭೂವಿಜ್ಞಾನಿಗಳು ಹೆಚ್ಚಾಗಿ ಎತ್ತಿ ತೋರಿಸಿದ್ದು ರಸ್ತೆಗೆ, ಮನೆಗೆ, ಹೋಂಸ್ಟೇಗೆ ಗುಡ್ಡದ ಬುಡವನ್ನು ನೆಟ್ಟಗೆ ಕಡಿದದ್ದನ್ನು ಮತ್ತು ನೀರಿನ ಸಹಜ ದಾರಿಗಳನ್ನು ಮುಚ್ಚಿದ್ದನ್ನು. ಬುಡಕ್ಕೆ ಆಧಾರವಿಲ್ಲದ ಇಳಿಜಾರು ನೀರಿನ ಭಾರ ಹೊತ್ತಾಗ ಎಲ್ಲಿಗೆ ಹೋಗಬೇಕು?

ಆದ್ದರಿಂದ ಅಬ್ಬಿನೀರು ಅವರಲ್ಲಿ ಒಂದು ವಿನಂತಿ. ನೀರು ಬತ್ತುತ್ತಿದೆಯೆಂದು ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿಗಳನ್ನು ತೋಡಿಸಬೇಡಿ. ಬಯಲುಸೀಮೆಗೆ ಒಪ್ಪುವ ಮದ್ದು ಮಲೆನಾಡಿನ ಎಲ್ಲ ಗುಡ್ಡಕ್ಕೂ ಒಪ್ಪುವುದಿಲ್ಲ.

ಅಬ್ಬಿನೀರು

ಬಾಣೆಮನೆಯವರೇ, ಹೆದರಿಕೆಯಾಯಿತು. ನಿಜ ಹೇಳಬೇಕೆಂದರೆ ಮುಂದಿನ ವಾರ ಇಂಗುಗುಂಡಿ ತೋಡಿಸಲು ಆಳುಗಳಿಗೆ ಹೇಳಿಯಾಗಿತ್ತು, ಈಗ ಬೇಡವೆಂದಿದ್ದೇನೆ. ನಮ್ಮ ಮೆಟ್ಟಿಲು ತೋಟದ ಮೇಲಿನ ಧರೆಯಲ್ಲಿ ಕಳೆದ ಆಶ್ಲೇಷಾ ಮಳೆಯಲ್ಲಿ ಅಂಗೈ ಅಗಲದ ಬಿರುಕು ಬಿಟ್ಟಿತ್ತು, ಮಣ್ಣು ತುಂಬಿ ಮೆಟ್ಟಿ ಸುಮ್ಮನಾಗಿದ್ದೆ.

ಮಳೆಲೆಕ್ಕ

ಆ ಬಿರುಕಿನ ಸಾಲಿನ ಮೇಲ್ಗಡೆ ನೀರು ನಿಲ್ಲದಂತೆ ಕಾದಿಗೆ (ನೀರು ಹರಿಯುವ ಚರಂಡಿ) ಮಾಡಿ ನೀರನ್ನು ಪಕ್ಕದ ಸಹಜ ಹಳ್ಳಕ್ಕೆ ತಿರುಗಿಸಿ, ಮಳೆಗಾಲದಲ್ಲಿ ಅದರ ಕೆಳಗೆ ಯಾರೂ ಮಲಗದಂತೆ ನೋಡಿಕೊಳ್ಳಿ, ಮತ್ತು ದಯವಿಟ್ಟು ಭೂವಿಜ್ಞಾನ ತಿಳಿದವರೊಬ್ಬರನ್ನು ಕರೆದು ತೋರಿಸಿ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಪಕ್ಕದ ಗುಡ್ಡ ಕುಸಿದದ್ದನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು.

ಇಂಗಿಸುವುದು ಮತ್ತು ಜಾರುವುದು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತದಲ್ಲ, ಅದಕ್ಕೊಂದು ವಿವರಣೆ ಬೇಕು. ಕಾನು ನೀರನ್ನು ಸಾವಿರಾರು ಸಣ್ಣ ದಾರಿಗಳಲ್ಲಿ ಹಂಚಿ ಇಳಿಸುತ್ತದೆ, ಅದರ ಬೇರುಗಳು ಮೇಲ್ಮಣ್ಣನ್ನು ಹೊಲಿದು ಹಿಡಿದಿರುತ್ತವೆ, ಮತ್ತು ಬುಡದಲ್ಲಿ ನೀರು ಹೊರಹೋಗಲು ಒರತೆಗಳು ತೆರೆದಿರುತ್ತವೆ. ಗುಂಡಿ ನೀರನ್ನು ಒಂದೇ ಕಡೆ ಒತ್ತಿ ಇಳಿಸುತ್ತದೆ, ಅಷ್ಟರಲ್ಲಿ ನಾವು ಬುಡವನ್ನೂ ಕಡಿದಿರುತ್ತೇವೆ. ಇಂಗಿಸಬೇಕಾದದ್ದು ಇಳಿಜಾರಿನ ಎದೆಯಲ್ಲಿ ಅಲ್ಲ. ದರಕು ಉಳಿಸಿ ಇಡೀ ಮೇಲ್ಮೈಯಲ್ಲಿ.

ಇನ್ನೊಂದು ವಿಷಯ ಯಾರೂ ಎತ್ತಿಲ್ಲವಾದ್ದರಿಂದ ಹೇಳುತ್ತೇನೆ. ನಿಮ್ಮ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಕಣಿವೆಯ ತಳದಲ್ಲಿ ವರ್ಷವಿಡೀ ನೀರು ನಿಲ್ಲುವ, ಕೆಸರಿನಿಂದ ಮಂಡಿಯಂತೆ ಬಾಗಿದ ಬೇರುಗಳು ಉಸಿರಾಡಲು ಮೇಲೆದ್ದಿರುವ ಜೌಗು ಕಾಡು ಅದು. ಜಾಯಿಕಾಯಿಯ ಬಂಧುಗಳಾದ ಬಹಳ ಪುರಾತನ ವಂಶದ ಮರಗಳು ಅಲ್ಲಿ ಬೆಳೆಯುತ್ತವೆ. 2000ರಲ್ಲಿ ವಿಜ್ಞಾನ ಲೋಕಕ್ಕೆ ಹೊಸದೆಂದು ಗುರುತಿಸಲಾದ ಗೇರಿನ ಕುಟುಂಬದ ಒಂದು ಮರಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟಿದ್ದಾರೆ. ಸಮತಟ್ಟು, ನೆರಳು, ಬತ್ತದ ನೀರು: ಅಡಿಕೆಗೆ ಬೇಕಾದದ್ದೂ ಇದೇ. ಘಟ್ಟದುದ್ದಕ್ಕೂ ಇಂತಹ ಜಡ್ಡಿಗಳಲ್ಲಿ ಬಹುಪಾಲು ತೋಟವೂ ಗದ್ದೆಯೂ ಆಗಿಹೋಗಿ, ಉಳಿದಿರುವುದು ಅಲ್ಲಲ್ಲಿ ಹರಿದ ತುಂಡುಗಳು. ಬೇಸಿಗೆಗೆ ನೀರನ್ನು ಕೂಡಿಟ್ಟುಕೊಳ್ಳುವ ತೊಟ್ಟಿಯನ್ನೇ ನಾವು ಉತ್ತುಬಿಟ್ಟೆವು. ಮರದಿಂದ ಮರಕ್ಕೆ ಹಾರುತ್ತಲೇ ಬದುಕು ಕಳೆಯುವ, ನೆಲಕ್ಕೆ ಇಳಿಯುವುದೇ ಅಪರೂಪವಾದ ಸಿಂಗಳೀಕಗಳಿಗೂ ಇದೇ ಕಾಡಿನ ಚಪ್ಪರ ಬೇಕು. ನಡುವೆ ಒಂದು ತೋಟದಷ್ಟು ಅಂತರ ಬಿದ್ದರೆ ಗುಂಪು ಆಚೆ ದಾಟಲಾರದು.

ಗುಡ್ಡದಮನೆಯವರು ಮಳೆಯ ರೀತಿಯ ಬಗ್ಗೆ ಹೇಳಿದ್ದಕ್ಕೆ ಒಂದು ಸೇರ್ಪಡೆ. ಕಾಡು ಕುಡಿದ ನೀರು ಪೂರ್ತಿ ನಷ್ಟವೂ ಅಲ್ಲ. ಮುಂಬಯಿ ಐಐಟಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ತಮಿಳುನಾಡಿನ ನೈಋತ್ಯ ಮುಂಗಾರು ಮಳೆಯ ಶೇ 25ರಿಂದ 40ರಷ್ಟು ತೇವ ಪಶ್ಚಿಮಘಟ್ಟದ ಕಾಡು ಗಾಳಿಗೆ ಬಿಟ್ಟದ್ದು. ನಮ್ಮ ಹಳ್ಳಕ್ಕೆ ಸಿಗದ ನೀರು ಘಟ್ಟದಾಚೆಯವರ ಹೊಲಕ್ಕೆ ಬೀಳುತ್ತಿರುತ್ತದೆ.

ಉಣುಗು

ನಾನು ತೀರ್ಥಹಳ್ಳಿ ಕಡೆ ಆರೋಗ್ಯ ಕಾರ್ಯಕರ್ತೆ. ನೀರಿನ ಚರ್ಚೆಯ ನಡುವೆ ಕಾಯಿಲೆಯ ಮಾತು ಬೇಕೇ ಎಂದು ಅನಿಸಬಹುದು, ಆದರೆ ಕಾಡು ಕಡಿದದ್ದರ ಪರಿಣಾಮವನ್ನು ನಾವು ಪ್ರತಿ ಡಿಸೆಂಬರಿನಿಂದ ಮೇ ತನಕ ಮನೆಮನೆಗೆ ಹೊತ್ತು ತಿರುಗುತ್ತೇವೆ, ಉಣ್ಣೆಹುಳು ಕಚ್ಚದಂತೆ ಹಚ್ಚುವ ಎಣ್ಣೆಯ ಬಾಟಲಿಯ ರೂಪದಲ್ಲಿ.

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸತ್ತು ಬೀಳುತ್ತಿದ್ದವು, ಆಮೇಲೆ ಜನರಿಗೆ ಜ್ವರ ಬಂತು. ಹರಡುವುದು ಉಣುಗಿನಿಂದ, ಅಂದರೆ ಉಣ್ಣೆಹುಳುವಿನಿಂದ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡುತೋಪಿಗಾಗಿ ದೊಡ್ಡ ಕಾಡನ್ನು ಕಡಿದ ಬೆನ್ನಿಗೇ ಅದುವರೆಗೆ ಕಾಣದಷ್ಟು ದೊಡ್ಡದಾಗಿ ಕಾಯಿಲೆ ಎದ್ದು, ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿತು, ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ಗಟ್ಟಿ ಕಾಡಿನ ನಟ್ಟನಡುವೆ ಜನರಿಗೆ ಇದು ತಗುಲುವುದು ಕಡಿಮೆ. ಕಾಡು, ತೋಟ, ಗದ್ದೆ, ಬೇಣ ಬೆರೆತ ಅಂಚುಗಳಲ್ಲಿ ಅಪಾಯ ಹೆಚ್ಚು. ಅಲ್ಲಿ ಲಂಟಾನದ ಪೊದೆ ಬೆಳೆಯುತ್ತದೆ, ಇಲಿ-ಮೂಗಿಲಿಗಳಿರುತ್ತವೆ, ದನ ಮೇಯುತ್ತದೆ. ದನಕ್ಕೆ ಕಾಯಿಲೆ ಬಾರದಿದ್ದರೂ ದೊಡ್ಡ ಉಣುಗುಗಳು ಅದರ ರಕ್ತ ಕುಡಿದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ದರಕು ಗುಡಿಸಲು ಹೋಗುವವರು ಹೆಚ್ಚಾಗಿ ಕೂಲಿಯ ಹೆಂಗಸರು. ಬೆಟ್ಟ ಹತ್ತಿರವಿದ್ದಾಗ ಬೆಳಿಗ್ಗೆ ಹೋಗಿ ಹತ್ತು ಗಂಟೆಗೆ ಬರುತ್ತಿದ್ದರು, ಈಗ ದರಕು ಸಿಗುವ ಜಾಗ ದೂರವಾದಷ್ಟೂ ಅಂಚಿನಲ್ಲಿ ಕಳೆಯುವ ಹೊತ್ತೂ ಹೆಚ್ಚಾಗಿದೆ. ತೋಟದ ಯಜಮಾನರು ಈ ಎಳೆಯನ್ನು ಓದುತ್ತಿದ್ದರೆ, ಅವರಿಗೆ ಕಾಡಿಗೆ ಹೋಗುವ ಮುನ್ನ ಎಣ್ಣೆ ಹಚ್ಚಿಕೊಳ್ಳಲು, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸಲು ವ್ಯವಸ್ಥೆ ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಸೊಪ್ಪಿನಬೆಟ್ಟ

ಉಣುಗು ಅವರ ಮಾತು ನಾಚಿಕೆ ಹುಟ್ಟಿಸಿತು. ದರಕಿನ ಲೆಕ್ಕ ಬರೆಯುವಾಗ ಅದನ್ನು ಹೊತ್ತು ತರುವವರ ನೆನಪೇ ನನಗಾಗಿರಲಿಲ್ಲ.

ನಮ್ಮ ಮನೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ, ಉಪದೇಶವೆಂದು ತಿಳಿಯಬಾರದು. ಬೆಟ್ಟವನ್ನು ಮೂರು ಭಾಗ ಮಾಡಿ ವರ್ಷಕ್ಕೆ ಒಂದು ಭಾಗದಲ್ಲಿ ಮಾತ್ರ ಸೊಪ್ಪು ಕಡಿಯುತ್ತೇವೆ, ಉಳಿದೆರಡರ ದರಕನ್ನು ಮುಟ್ಟುವುದಿಲ್ಲ. ತೋಟದ ಹಾಳೆ, ಸೋಗೆ, ಸಿಪ್ಪೆಯನ್ನು ಸುಡದೆ ತೋಟಕ್ಕೇ ಹೊದಿಸುತ್ತೇವೆ. ಹಳ್ಳದ ದಂಡೆಯಲ್ಲಿ ಅಪ್ಪೆಮಾವು, ಮುರುಗಲು, ಉಪ್ಪಾಗೆ ಇಟ್ಟಿದ್ದೇವೆ. ಅಪ್ಪೆಮಿಡಿಯ ಹಳೆಯ ಮರಗಳೆಲ್ಲ ಹೊಳೆಸಾಲಿನಲ್ಲಿಯೇ ಏಕಿದ್ದವೆಂದು ಯೋಚಿಸಿದರೆ ಆ ದಂಡೆಗೆ ಯಾವ ಮರ ಒಗ್ಗುತ್ತದೆಂದು ತಾನಾಗಿ ತಿಳಿಯುತ್ತದೆ. ಏಳು ವರ್ಷವಾಯಿತು. ಬೆಟ್ಟದ ನೆಲ ಮೆತ್ತಗಾಗಿದೆ, ಹಳ್ಳದ ನೀರು ಹೆಚ್ಚಾಗಿದೆಯೆಂದು ಮಾತ್ರ ಇನ್ನೂ ಹೇಳಲಾರೆ.

ಸೀಮೆಕಲ್ಲು

ಅಕೇಸಿಯಾ ಗುಡ್ಡದ ವಿಷಯ. ಒಂದೇ ಸಲಕ್ಕೆ ಕಡಿದು ತೆಗೆಯಿರಿ ಎಂದು ಕೇಳಬೇಡಿ. ಬೋಳಾದ ಇಳಿಜಾರಿಗೆ ಮೊದಲ ಮಳೆಯೇ ಶತ್ರು, ಮೇಲಾಗಿ ಬಿದ್ದ ಬೀಜದಿಂದ ಮತ್ತೆ ಅದೇ ಹುಟ್ಟುತ್ತದೆ. ಬೆಂಕಿ ಬೀಳದಂತೆ ನೋಡಿಕೊಂಡ ಹಳೆಯ ಅಕೇಸಿಯಾ ತೋಪಿನ ನೆರಳಿನಲ್ಲಿ, ಪಕ್ಕದಲ್ಲಿ ಕಾನಿದ್ದರೆ, ಹಕ್ಕಿಗಳು ತಂದುಹಾಕಿದ ನೇರಳೆ, ಗುಲ್ಮಾವು, ದಾಲ್ಚಿನ್ನಿ ಸಸಿಗಳು ಎದ್ದಿರುವುದನ್ನು ಕಂಡಿದ್ದೇನೆ. ಅಲ್ಲಲ್ಲಿ ಅಕೇಸಿಯಾ ತೆಗೆದು ಅವುಗಳಿಗೆ ಬೆಳಕು ಕೊಡುತ್ತ ಹೋದರೆ ಗುಡ್ಡ ತಾನೇ ಬದಲಾಗುತ್ತದೆ. ಇದಕ್ಕೆ ಪಕ್ಕದ ಕಾನು ಉಳಿದಿರಬೇಕು, ಬೀಜ ಬರುವುದು ಅಲ್ಲಿಂದಲೇ. ಗ್ರಾಮ ಅರಣ್ಯ ಸಮಿತಿಯಲ್ಲಿ ಠರಾವು ಮಾಡಿ ವಲಯ ಕಚೇರಿಗೆ ಕೊಡಿ, ಪ್ರತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಅಬ್ಬಿನೀರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಬೆಳಿಗ್ಗೆ ಮಗಳನ್ನು ಕರೆದುಕೊಂಡು, ಒಂದೇ ಅಳತೆಯ ಎರಡು ಕೊಡ ಹಿಡಿದು ಎರಡೂ ಹಳ್ಳಗಳ ಬಳಿ ಹೋಗಿದ್ದೆ. ಒಂದೇ ಎತ್ತರದಲ್ಲಿ ನೀರು ಬೀಳಲು ಅಡಿಕೆ ಹಾಳೆಯ ದೋಣಿ ಇಟ್ಟು, ಫೋನಿನಲ್ಲಿ ಮಾತಾಡಿಕೊಂಡು ಒಟ್ಟಿಗೇ ಕೊಡ ಹಿಡಿದೆವು. ಕಾನಿನ ಕಡೆ ಅವಳ ಕೊಡ ತುಂಬಿ ಚೆಲ್ಲುವಾಗ ನನ್ನದರ ತಳದಲ್ಲಿ ನಾಲ್ಕು ಬೆರಳು ನೀರಿತ್ತು. ಇನ್ನು ಪ್ರತಿ ಭಾನುವಾರ ಹೀಗೆ ಅಳೆದು ಮಳೆಯ ಪುಸ್ತಕದ ಎಡಪುಟದಲ್ಲಿ ಬರೆಯುವುದೆಂದು ಅವಳೇ ತೀರ್ಮಾನಿಸಿದ್ದಾಳೆ.

ತಂದೆಯವರ ಪುಸ್ತಕದಲ್ಲಿ ಈಗ ಬೇರೆ ಕಣ್ಣಿನಿಂದ ಹುಡುಕಿದಾಗ ಒಂದು ಸಂಗತಿ ಸಿಕ್ಕಿತು. ಎಡಗಡೆಯ ಗುಡ್ಡ ಕಡಿದ ವರ್ಷ ಅವರು ಮಳೆಯ ಅಂಕಿಗಳ ಕೆಳಗೆ ಪೆನ್ಸಿಲಿನಲ್ಲಿ ‘ಹಳ್ಳ ಕೆಂಪು’ ಎಂದು ಬರೆದಿದ್ದಾರೆ. ಅದಕ್ಕೆ ಹಿಂದಿನ ಯಾವ ವರ್ಷದಲ್ಲಿಯೂ ಆ ಮಾತಿಲ್ಲ. ಮುಂದಿನ ಮೂರು ವರ್ಷ ಇದೆ, ಆಮೇಲೆ ಅದು ವಿಶೇಷವೆನಿಸದೆ ಬರೆಯುವುದನ್ನೇ ಬಿಟ್ಟಿರಬೇಕು.

ಮೆಟ್ಟಿಲು ತೋಟದ ಮೇಲಿನ ಕಾದಿಗೆ ಕೆಲಸ ಶುರುವಾಗಿದೆ. ಬಿರುಕು ಬಿಟ್ಟ ಎರಡು ಮೆಟ್ಟಿಲುಗಳ ಅಡಿಕೆ ಸಸಿಗಳನ್ನು ಕಿತ್ತು ಆ ಜಾಗವನ್ನು ಬೆಟ್ಟಕ್ಕೇ ಬಿಡುತ್ತಿದ್ದೇನೆ. ಸಮಿತಿಯ ಸಭೆ ಯುಗಾದಿಯ ನಂತರ ಇದೆ. ಅಷ್ಟರೊಳಗೆ ಕೆಳಗಿನ ನಾಲ್ಕು ಮನೆಯವರು ತಮ್ಮ ಪೈಪನ್ನೂ ಕಾನಿನ ಹಳ್ಳಕ್ಕೇ ಹಾಕಿಕೊಳ್ಳಬಹುದೇ ಎಂದು ಕೇಳಲು ಬಂದಿದ್ದರು. ಆ ಹಳ್ಳದ ನೀರನ್ನು ಈಗಾಗಲೇ ಏಳು ಮನೆಗಳು ಕುಡಿಯುತ್ತಿವೆ. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ, ಆಗಲಿ ಎನ್ನಲು ಧೈರ್ಯವೂ ಬರಲಿಲ್ಲ. ಕೊಡದ ಅಳತೆ ಒಂದು ತಿಂಗಳು ನೋಡೋಣವೆಂದು ಹೇಳಿ ಕಳುಹಿಸಿದ್ದೇನೆ.